ಕಚ್ರಾ ಓಡಿದ ಒಂದು ರನ್

‘ಲಗಾನ್’ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಆ ಕೊನೆಯ ಸಿಕ್ಸರ್. ಭುವನ್ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬೀಸ್ತಾನೆ. ಬಾಲ್ ಮೇಲೆ ಹೋಗುತ್ತೆ. ಕ್ಯಾಪ್ಟನ್ ರಸೆಲ್ ಹಿಂದೆ ಹಿಂದೆ ಸರಿದು ಕ್ಯಾಚ್ ಹಿಡೀತಾನೆ, ಗೆದ್ದೇಬಿಟ್ಟೆ ಅಂದುಕೊಳ್ತಾನೆ, ಆಮೇಲೆ ನೋಡಿದ್ರೆ ಬೌಂಡರಿ ಗೆರೆಯ ಆಚೆ ನಿಂತಿದ್ದಾನೆ. ಆಮೇಲೆ ಮಳೆ. ಇದಿಷ್ಟು ಯಾರನ್ನ ಕೇಳಿದ್ರೂ ಹೇಳ್ತಾರೆ.

ಈಗ ಒಂದು ಕ್ವಿಜ್ ಪ್ರಶ್ನೆ. ಆ ಸಿಕ್ಸರ್‌ಗೆ ಹಿಂದಿನ ಬಾಲ್ ಆಡಿದವರು ಯಾರು?

ನಾನು ಹೋದ ತಿಂಗಳು ಹತ್ತು ಜನ ಗೆಳೆಯರಿಗೆ ಈ ಪ್ರಶ್ನೆ ಕೇಳಿದೆ. ಎಲ್ಲರೂ ಕ್ರಿಕೆಟ್ ಹುಚ್ಚರು, ಎಲ್ಲರೂ ‘ಲಗಾನ್’ ಐದಾರು ಸಲ ನೋಡಿದವರು. ಇಬ್ಬರು ಮಾತ್ರ ಸರಿಯಾಗಿ ಹೇಳಿದ್ರು. ಉತ್ತರ: ಕಚ್ರಾ. ಈ ಲೇಖನ ಅವನ ಬಗ್ಗೆ.

ಸಿನಿಮಾ ಬಂದಿದ್ದು 2001ರ ಜೂನ್ 15ಕ್ಕೆ. ಆ ವರ್ಷ ನಾವಿದ್ದ ಮೂಡ್ ಹೇಗಿತ್ತು ಅನ್ನೋದನ್ನ ಈಗಿನ ಹುಡುಗರಿಗೆ ವಿವರಿಸೋದು ಕಷ್ಟ. ಅದಕ್ಕೆ ಬರೀ ಮೂರು ತಿಂಗಳ ಮುಂಚೆ, ಮಾರ್ಚ್‌ನಲ್ಲಿ, ಕೋಲ್ಕತ್ತಾ ಟೆಸ್ಟ್ ಆಗಿತ್ತು. ಫಾಲೋ ಆನ್ ಆಗಿದ್ದ ಟೀಮು, ಲಕ್ಷ್ಮಣ್ 281, ನಮ್ಮ ದ್ರಾವಿಡ್ 180, ಹರ್ಭಜನ್ ಹ್ಯಾಟ್ರಿಕ್, ಆಸ್ಟ್ರೇಲಿಯಾ ಮಕಾಡೆ. ಸೋತೇಬಿಟ್ವಿ ಅನ್ನೋ ಮ್ಯಾಚ್ ಗೆಲ್ಲಬಹುದು ಅನ್ನೋದನ್ನ ನಾವು ಕಣ್ಣಾರೆ ಕಂಡಿದ್ವಿ. ಆ ಬಿಸಿ ಆರೋ ಮುಂಚೆ ಪರದೆ ಮೇಲೆ ಒಂದು ಹಳ್ಳಿ ಟೀಮು ಬಂತು. ಅಲ್ಲೂ ಒಬ್ಬ ಸ್ಪಿನ್ನರ್, ಅವನದೂ ಒಂದು ಹ್ಯಾಟ್ರಿಕ್. ನಮ್ಮ ಟಾಕೀಸ್‌ನಲ್ಲಿ ಜನ ಸಿನಿಮಾ ನೋಡ್ತಿರಲಿಲ್ಲ, ಮ್ಯಾಚ್ ನೋಡ್ತಿದ್ರು. ಆ ಅವಧಿ ಹಿಂದಿ ಅರ್ಧ ಅರ್ಥ ಆಗದಿದ್ದರೂ ಸ್ಕೋರ್‌ಬೋರ್ಡ್ ಎಲ್ಲರಿಗೂ ಅರ್ಥ ಆಗ್ತಿತ್ತು.

ಇಪ್ಪತ್ತು ವರ್ಷ ದಾಟಿದ ಮೇಲೆ ಮೊನ್ನೆ ಮತ್ತೆ ನೋಡಿದೆ. ಮೂರು ಗಂಟೆ ನಲವತ್ತನಾಲ್ಕು ನಿಮಿಷ. ಮಾರನೇ ದಿನ ಬೆಳಗ್ಗೆ ಒಂಬತ್ತಕ್ಕೆ ಕಾಲ್ ಇಟ್ಟುಕೊಂಡಿರೋ ಮನುಷ್ಯ ಒಂದೇ ರಾತ್ರಿ ನೋಡೋ ಸಿನಿಮಾ ಅಲ್ಲ ಅದು. ಎರಡು ರಾತ್ರಿ ಮಾಡಿಕೊಂಡೆ.

ಮೊದಲು ಒಳ್ಳೇದನ್ನೇ ಹೇಳಿಬಿಡ್ತೀನಿ, ಯಾಕಂದ್ರೆ ಒಳ್ಳೇದು ತುಂಬಾ ಇದೆ. ಸಿನಿಮಾ ಇನ್ನೂ ಕೂರಿಸುತ್ತೆ. ಕೊನೆಯ ಸುಮಾರು ಒಂದೂವರೆ ಗಂಟೆ ಬರೀ ಕ್ರಿಕೆಟ್ ಮ್ಯಾಚ್, ಆದರೂ ಎಲ್ಲೂ ಎದ್ದು ಹೋಗಬೇಕು ಅನ್ನಿಸಲ್ಲ. ಹನ್ನೊಂದು ಜನಕ್ಕೂ ಒಂದೊಂದು ಗುರುತು ಇದೆ. ಕೋಳಿ ಹಿಡಿಯೋ ಭೂರಾ ಫೀಲ್ಡರ್ ಆಗ್ತಾನೆ, ಕವಣೆ ಬೀಸೋ ಗೋಲಿ ಬೌಲರ್ ಆಗ್ತಾನೆ, ಮಾತು ಬಾರದ ಬಾಘಾ, ಕಮ್ಮಾರ ಅರ್ಜನ್, ಕುಂಬಾರ ಇಸ್ಮಾಯಿಲ್, ಅರ್ಧ ಹುಚ್ಚ ಗುರನ್, ಎಲ್ಲಿಂದಲೋ ಬಂದು ಸೇರೋ ದೇವಾ ಸಿಂಗ್. ಯಾರು ಯಾಕೆ ಏನು ಮಾಡಬಲ್ಲರು ಅನ್ನೋದು ಮ್ಯಾಚ್ ಶುರುವಾಗೋ ಮುಂಚೆಯೇ ನಮಗೆ ಗೊತ್ತಿರುತ್ತೆ. ಅಶುತೋಷ್ ಗೋವಾರಿಕರ್ ಇಷ್ಟು ತಾಳ್ಮೆಯಿಂದ ಕಟ್ಟಿದ್ದಕ್ಕೇ ಕೊನೆಯ ಓವರ್‌ನಲ್ಲಿ ನಮ್ಮ ಎದೆ ಹೊಡ್ಕೊಳ್ಳೋದು. ರೆಹಮಾನ್ ಸಂಗೀತದ ಬಗ್ಗೆ ಹೊಸದಾಗಿ ಹೇಳೋದೇನೂ ಇಲ್ಲ. ಅಂಪೈರ್‌ಗಳು ಪ್ರಾಮಾಣಿಕರು ಅನ್ನೋ ಸಣ್ಣ ವಿಷಯ ಈ ಸಲ ಹೆಚ್ಚು ಇಷ್ಟ ಆಯ್ತು. ಬ್ರಿಟಿಷರನ್ನೆಲ್ಲ ರಾಕ್ಷಸರನ್ನಾಗಿ ಮಾಡೋ ಸುಲಭದ ದಾರಿ ಈ ಸಿನಿಮಾ ಹಿಡಿಯಲಿಲ್ಲ. ಎಲಿಜಬೆತ್‌ಳ ಒನ್ ಸೈಡ್ ಪ್ರೇಮ ಮಾತ್ರ ಈಗ ಸ್ವಲ್ಪ ಉದ್ದ ಅನ್ನಿಸುತ್ತೆ. ಅಲ್ಲಿ ಎದ್ದು ಹೋಗಿ ಕಾಫಿ ಮಾಡಿಕೊಂಡು ಬರಬಹುದು.

ಕಾಫಿ ಮುಗಿಸಿ ಬಂದು ಕೂತ್ಕೊಳ್ಳಿ, ಕಚ್ರಾ ಬರ್ತಾನೆ.

ದೃಶ್ಯ ನೆನಪಿದೆಯಲ್ವಾ? ಪ್ರಾಕ್ಟೀಸ್ ನಡೀತಿದೆ. ಹತ್ತು ಜನ ಆಗಿದ್ದಾರೆ, ಇನ್ನೊಬ್ಬ ಬೇಕು. ಊರಿನ ಕಸ ಗುಡಿಸುವ ಕಚ್ರಾ ದೂರದಲ್ಲಿ ನಿಂತು ನೋಡ್ತಿದ್ದಾನೆ. ಬಾಲ್ ಉರುಳಿ ಅವನ ಹತ್ರ ಹೋಗುತ್ತೆ. ಎಸಿ ಅಂತಾನೆ ಭುವನ್. ಮುಟ್ಟೋಕೆ ಅವನಿಗೆ ಭಯ. ಕೊನೆಗೆ ಸೊಟ್ಟಗಾಗಿರೋ ಕೈಯಲ್ಲಿ ಎಸೀತಾನೆ. ಬಾಲ್ ನೆಲಕ್ಕೆ ಬಿದ್ದು ಗಿರ್ರನೆ ತಿರುಗುತ್ತೆ. ಭುವನ್ ಕಣ್ಣು ಹೊಳೆಯುತ್ತೆ. ಹನ್ನೊಂದನೆಯವನು ಸಿಕ್ಕಿದ. ಊರವರು ಸಿಡಿದೇಳ್ತಾರೆ, ಮುಟ್ಟಬಾರದವನ ಜೊತೆ ನಾವು ಆಡಲ್ಲ ಅಂತ. ಆಗ ಭುವನ್ ಭಾಷಣ. ಶಬರಿ ಎಂಜಲು ಹಣ್ಣು ತಿಂದ ರಾಮನನ್ನ ಪೂಜೆ ಮಾಡೋ ನೀವು ಇವನನ್ನ ಹೇಗೆ ದೂರ ಇಡ್ತೀರಿ ಅನ್ನೋ ಧಾಟಿಯಲ್ಲಿ. ಊರು ಒಪ್ಪುತ್ತೆ. 2001ರಲ್ಲಿ ನಮ್ಮ ಟಾಕೀಸ್‌ನಲ್ಲಿ ಇಲ್ಲಿ ಶಿಳ್ಳೆ ಬಿದ್ದಿತ್ತು. ಈಗಲೂ ಮೈ ಜುಮ್ ಅನ್ನುತ್ತೆ, ಸುಳ್ಳು ಯಾಕೆ ಹೇಳಲಿ. ಕೋಟಿಗಟ್ಟಲೆ ಜನ ನೋಡೋ ಹಿಂದಿ ಸಿನಿಮಾದ ಹೀರೋ ಅಸ್ಪೃಶ್ಯತೆ ವಿರುದ್ಧ ನಿಂತು ಇಡೀ ಊರಿಗೆ ಬೈಯೋದು ಸಣ್ಣ ಮಾತಲ್ಲ.

ಆದರೆ ಈ ಸಲ ನನ್ನ ಕಣ್ಣು ಭುವನ್ ಮೇಲೆ ಇರಲಿಲ್ಲ. ಪಕ್ಕದಲ್ಲಿ ನಡುಗ್ತಾ ನಿಂತಿರೋ ಕಚ್ರಾ ಮೇಲಿತ್ತು. ಅವನ ಬಗ್ಗೆಯೇ ಅಷ್ಟು ಹೊತ್ತು ವಾದ ನಡೆಯುತ್ತೆ, ಆ ವಾದದಲ್ಲಿ ಅವನ ಮಾತು ಒಂದೂ ಇಲ್ಲ. ಆಡೋಕೆ ಇಷ್ಟ ಇದೆಯೋ ಇಲ್ಲವೋ? ಗೊತ್ತಿಲ್ಲ. ಸೋತರೆ ಊರಿಗೆಲ್ಲ ಮೂರು ಪಟ್ಟು ತೆರಿಗೆ, ಆಗ ಬೈಗುಳ ಮೊದಲು ಬೀಳೋದು ಯಾರ ಮೇಲೆ ಅಂತ ಅವನಿಗೆ ಗೊತ್ತಿರಲ್ವಾ? ಮ್ಯಾಚ್ ಮುಗಿದ ಮೇಲೆ ಅವನ ಕೈಗೆ ಮತ್ತೆ ಪೊರಕೆ ಬರುತ್ತಾ? ಸಿನಿಮಾ ಕೇಳಲ್ಲ. ಇದೇ ಸಿನಿಮಾ ಲಾಖಾ ವಿಷಯದಲ್ಲಿ ಎಷ್ಟು ಉದಾರ ನೋಡಿ. ಲಾಖಾ ದ್ರೋಹಿ, ಬೇಕಂತಲೇ ಕ್ಯಾಚ್ ಬಿಡೋನು. ಅವನು ಯಾಕೆ ಹಾಗೆ ಮಾಡ್ದ, ಅವನ ಎದೆಯಲ್ಲಿ ಏನಿತ್ತು, ಪಶ್ಚಾತ್ತಾಪ ಹೇಗಾಯ್ತು, ಎಲ್ಲಕ್ಕೂ ಸಮಯ ಇದೆ. ಗುಡಿಯೊಳಗೆ ಒಂದು ಪೂರ್ತಿ ದೃಶ್ಯವೇ ಇದೆ. ದ್ರೋಹಿಗೆ ಒಂದು ಮನಸ್ಸು ಕೊಟ್ಟ ಸಿನಿಮಾ ಕಚ್ರಾಗೆ ಕೊಟ್ಟಿದ್ದು ಒಂದು ಕೈ ಮಾತ್ರ.

ಆ ಕೈಯ ವಿಷಯ ಇನ್ನೂ ಸ್ವಲ್ಪ ಇದೆ. ಕಚ್ರಾ ಸ್ಪಿನ್ ಕಲಿತದ್ದಲ್ಲ, ಹುಟ್ಟಿಸಿಕೊಂಡದ್ದಲ್ಲ. ಕೈ ಸೊಟ್ಟ ಇರೋದಕ್ಕೆ ಬಾಲ್ ತಾನಾಗೇ ತಿರುಗುತ್ತೆ. ಮೊದಲ ದಿನ ಹೊಸ ಬಾಲ್‌ನಲ್ಲಿ ಏನೂ ಆಗಲ್ಲ, ಎರಡನೇ ದಿನ ಬಾಲ್ ಹಳೇದಾದ ಮೇಲೆ ಹ್ಯಾಟ್ರಿಕ್ ಬರುತ್ತೆ. ಭೂರಾಗೆ ಕೋಳಿ ಹಿಡಿದ ಅಭ್ಯಾಸ ಇದೆ, ಗೋಲಿಗೆ ಕವಣೆಯ ಪಳಗಿದ ಕೈ ಇದೆ. ಅವರವರ ಕಸುಬಿನಿಂದ ಬಂದ ಬಲ ಅದು. ಕಚ್ರಾನದು ಮಾತ್ರ ಪವಾಡ. ಬೆವರಿನಿಂದ ಬಂದದ್ದನ್ನ ಪ್ರತಿಭೆ ಅಂತೀವಿ, ಪವಾಡವನ್ನ ಅದೃಷ್ಟ ಅಂತೀವಿ. ಈ ವ್ಯತ್ಯಾಸ ಸಣ್ಣದಲ್ಲ.

ಇದನ್ನೆಲ್ಲ ಆಫೀಸ್ ಗೆಳೆಯನ ಹತ್ರ ಹೇಳಿದಾಗ ಅವನು ಕೈ ಮುಗಿದ. ‘ಮಾರಾಯಾ, ಸಿನಿಮಾನ ಸಿನಿಮಾ ಥರ ನೋಡು. ಅದು 1893ರ ಕಥೆ. ಆ ಕಾಲದಲ್ಲಿ ಅಷ್ಟು ತೋರಿಸಿದ್ದೇ ಹೆಚ್ಚು. ಇನ್ನೇನು, ಅವನನ್ನೇ ಕ್ಯಾಪ್ಟನ್ ಮಾಡಬೇಕಿತ್ತಾ?’

ಒಳ್ಳೆ ಪ್ರಶ್ನೆ. ಇದಕ್ಕೆ ಎರಡು ಉತ್ತರ ಇದೆ.

ಮೊದಲನೆಯದು ಕ್ರಿಕೆಟ್ ನಿಯಮದ ಉತ್ತರ. 1893ರ ಇಂಗ್ಲಿಷ್ ಕ್ರಿಕೆಟ್‌ನಲ್ಲಿ ಓವರ್‌ಗೆ ಐದು ಬಾಲ್. ಆರು ಬಾಲ್ ಆಗಿದ್ದು 1900ರಲ್ಲಿ. ಇನ್ನೂ ಮಜಾ ಏನಂದ್ರೆ, ಬೌಂಡರಿ ಗೆರೆ ಮೇಲಿಂದ ದಾಟಿದ್ರೆ ಸಿಕ್ಸರ್ ಅನ್ನೋ ನಿಯಮ ಬಂದಿದ್ದು 1910ರಲ್ಲಿ. ಅದಕ್ಕೆ ಮುಂಚೆ ಆರು ರನ್ ಬೇಕಿದ್ರೆ ಬಾಲ್ ಮೈದಾನದಿಂದಲೇ ಆಚೆ ಹೋಗಬೇಕಿತ್ತು. ಅಂದ್ರೆ ಆ ಕಾಲದ ಲೆಕ್ಕದಲ್ಲಿ ಭುವನ್ ಹೊಡೆದದ್ದು ಸಿಕ್ಸರ್ರೇ ಅಲ್ಲ! ನಾನು ಇದನ್ನ ತಪ್ಪು ಹಿಡಿಯೋಕೆ ಹೇಳ್ತಿಲ್ಲ. ಕಥೆಗೆ ಸಿಕ್ಸರ್ ಬೇಕಿತ್ತು, ತಗೊಂಡ್ರು, ಸರಿಯಾಗೇ ಮಾಡಿದ್ರು. ಚಂಪಾನೇರ್ ಅನ್ನೋ ಊರೇ ಅವರು ಕಟ್ಟಿದ್ದು. ಆದರೆ ಹೀರೋ ಗೆಲ್ಲಲಿ ಅಂತ ಹದಿನೇಳು ವರ್ಷ ಆಚೆಯ ನಿಯಮವನ್ನ ಎಳ್ಕೊಂಡು ಬಂದ ಮೇಲೆ, ಕಚ್ರಾಗೆ ನಾಲ್ಕು ಮಾತು ಕೊಡೋಕೆ ‘ಆ ಕಾಲ ಒಪ್ಪುತ್ತಿರಲಿಲ್ಲ’ ಅನ್ನೋ ಕಾರಣ ನಡೆಯಲ್ಲ.

ಎರಡನೇ ಉತ್ತರ ನಿಜವಾದ ಮನುಷ್ಯನೊಬ್ಬನದು. ಹೆಸರು ಪಾಳವಣಕರ್ ಬಾಳೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ. ಚಮ್ಮಾರ ಜಾತಿಯ ಮರಾಠಿ ಕುಟುಂಬ. ಬೆಳೆದದ್ದು ಪುಣೆಯಲ್ಲಿ. ಭುವನ್‌ನ ಕಾಲ್ಪನಿಕ ಮ್ಯಾಚ್ ನಡೆದ ಅದೇ ಹೊತ್ತಿಗೆ, 1890ರ ದಶಕದ ಶುರುವಿನಲ್ಲಿ, ಬಾಳೂ ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಪಿಚ್ ಗುಡಿಸ್ತಿದ್ದ, ರೋಲರ್ ಎಳೀತಿದ್ದ, ನೆಟ್ ಕಟ್ತಿದ್ದ. ಅಲ್ಲಿನ ಸಾಹೇಬರಿಗೆ ನೆಟ್ಸ್‌ನಲ್ಲಿ ಬೌಲ್ ಮಾಡ್ತಿದ್ದ. ಎಡಗೈ ಸ್ಪಿನ್. ಗ್ರೇಗ್ ಅನ್ನೋ ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್ ದಿನಾ ಬೇಗ ಬಂದು ಬಾಳೂನ ಬೌಲಿಂಗ್‌ಗೆ ಪ್ರಾಕ್ಟೀಸ್ ಮಾಡ್ತಿದ್ದ. ಒಂದು ಸಲ ಔಟ್ ಮಾಡಿದ್ರೆ ಎಂಟಾಣೆ ಕೊಡ್ತಿದ್ದ ಅನ್ನೋ ಕಥೆ ಇದೆ. ಸಾವಿರಾರು ಬಾಲ್ ಎಸೆದ ಬಾಳೂಗೆ ಆ ನೆಟ್ಸ್‌ನಲ್ಲಿ ಒಂದು ದಿನವೂ ಬ್ಯಾಟ್ ಮಾಡೋ ಅವಕಾಶ ಸಿಗಲಿಲ್ಲ. ಬ್ಯಾಟಿಂಗ್ ಸಾಹೇಬರದು, ಬೌಲಿಂಗ್ ಕೂಲಿಯವರದು.

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನ ಸೋಲಿಸಬೇಕಿತ್ತು. ಬಾಳೂ ಬೇಕಿತ್ತು. ಸೇರಿಸಿಕೊಂಡ್ರು. ಭುವನ್ ಮಾಡಿದ್ದೂ ಇದನ್ನೇ ಅಲ್ವಾ ಅಂತೀರಿ. ಹೌದು, ಆದರೆ ಸಿನಿಮಾ ಎಲ್ಲಿ ನಿಲ್ಲುತ್ತೋ ಬಾಳೂನ ಕಥೆ ಅಲ್ಲಿ ಶುರುವಾಗುತ್ತೆ. ಮೈದಾನದೊಳಗೆ ಅವನು ಮುಟ್ಟಿದ ಬಾಲ್‌ನ ಎಲ್ಲರೂ ಮುಟ್ತಿದ್ರು. ಟೀ ಬ್ರೇಕ್ ಬಂದ್ರೆ ಮಾತ್ರ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್, ಬಾಳೂಗೆ ಆಚೆ, ಬಿಸಾಡೋ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೂ ಬೇರೆ ಜಾಗ. ಟೀಮಿಗೆ ಸೇರಿಸಿಕೊಳ್ಳೋದು ಬೇರೆ, ಪಂಕ್ತಿಗೆ ಸೇರಿಸಿಕೊಳ್ಳೋದು ಬೇರೆ ಅನ್ನೋದು ನೂರಿಪ್ಪತ್ತು ವರ್ಷದ ಹಿಂದೆಯೇ ಇಷ್ಟು ಸ್ಪಷ್ಟವಾಗಿತ್ತು.

ಬಾಳೂ ಸುಮ್ಮನೆ ಉಳಿದ ಆಳಲ್ಲ. 1906ರಲ್ಲಿ ಬೊಂಬಾಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನ 109 ರನ್‌ಗಳಿಂದ ಸೋಲಿಸಿತು. ಆ ತಂಡದಲ್ಲಿ ಬಾಳೂ ಮತ್ತು ಅವನ ತಮ್ಮ ಶಿವರಾಮ ಇಬ್ಬರೂ ಇದ್ರು. ಒಂದರ್ಥದಲ್ಲಿ ‘ಲಗಾನ್’ನ ಮ್ಯಾಚು ನಿಜವಾಗಿ ನಡೆದದ್ದು ಆ ದಿನ. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ಭಾರತ ತಂಡ ಸೋತಿದ್ದೇ ಹೆಚ್ಚು. ಬಾಳೂ ಒಬ್ಬನೇ 114 ವಿಕೆಟ್ ತಗೊಂಡ. ಇಷ್ಟಾದರೂ ಹಿಂದೂ ತಂಡದ ಕ್ಯಾಪ್ಟನ್ ಪಟ್ಟ ಅವನಿಗೆ ಸಿಗಲೇ ಇಲ್ಲ. ಸಿಕ್ಕಿದ್ದು ಇನ್ನೊಬ್ಬ ತಮ್ಮ ವಿಠ್ಠಲ್‌ಗೆ, 1923ರಲ್ಲಿ. ಆಮೇಲೆ ಬಾಳೂ ರಾಜಕೀಯಕ್ಕೆ ಬಂದ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವನನ್ನ ನಿಲ್ಲಿಸಿದ್ದು ಯಾರ ವಿರುದ್ಧ ಗೊತ್ತಾ? ಅಂಬೇಡ್ಕರ್ ವಿರುದ್ಧ. ಸೋತ. ಅವನ ಆ ಆಯ್ಕೆಯನ್ನ ನೀವು ಒಪ್ಪಬಹುದು, ಬಿಡಬಹುದು. ಆದರೆ ಅದು ತನ್ನದೇ ತಲೆ, ತನ್ನದೇ ನಿಲುವು ಇದ್ದ ಮನುಷ್ಯ ಮಾಡಿದ ಆಯ್ಕೆ. ಹಾಗಾಗಿ ‘ಅವನನ್ನೇ ಕ್ಯಾಪ್ಟನ್ ಮಾಡಬೇಕಿತ್ತಾ’ ಅನ್ನೋ ಪ್ರಶ್ನೆ ನನ್ನ ಗೆಳೆಯನಿಗೆ ತಮಾಷೆ, ಬಾಳೂಗೆ ಮತ್ತು ಅವನ ತಮ್ಮಂದಿರಿಗೆ ಅದು ಹಲವು ವರ್ಷದ ಜಗಳ.

ಈ ವಿವರಗಳೆಲ್ಲ ಬಹಳಷ್ಟು ಜನಕ್ಕೆ ತಲುಪಿದ್ದು ರಾಮಚಂದ್ರ ಗುಹಾ ಬರೆದ ಪುಸ್ತಕದಿಂದ, ಅದು ಬಂದಿದ್ದು 2002ರಲ್ಲಿ, ‘ಲಗಾನ್’ ಆದ ಮಾರನೇ ವರ್ಷ. ನಾನು ಧಾರವಾಡದಲ್ಲಿ ಓದಿದವನು. ನಮ್ಮೂರ ದೊಡ್ಡವರು ಅಂದ್ರೆ ಬೇಂದ್ರೆ, ಮಲ್ಲಿಕಾರ್ಜುನ ಮನ್ಸೂರ ಅಂತ ಬಾಯಿಪಾಠ ಹೇಳ್ತಿದ್ವಿ. ಸಂಜೆ ಆದ್ರೆ ಬ್ಯಾಟ್ ಹಿಡ್ಕೊಂಡು ಮೈದಾನಕ್ಕೆ ಓಡ್ತಿದ್ವಿ. ಬಾಳೂ ಅನ್ನೋ ಹೆಸರು ಯಾವ ಮಾಸ್ತರ ಬಾಯಲ್ಲೂ, ಯಾವ ಕೋಚ್ ಬಾಯಲ್ಲೂ ನಾನು ಕೇಳಲಿಲ್ಲ.

ಇದು ಬರೀ ಹಳೇ ಸಿನಿಮಾ, ಹಳೇ ಇತಿಹಾಸದ ವಿಷಯ ಆಗಿದ್ರೆ ಇಷ್ಟು ಉದ್ದ ಬರೀತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತರಬೇತಿಯಲ್ಲಿ ನಮಗೆ ಇದೇ ದೃಶ್ಯ ಹಾಕಿ ತೋರಿಸಿದ್ರು. ನಿಮ್ಮಲ್ಲೂ ಅನೇಕರು ನೋಡಿರ್ತೀರಿ, ಟೀಮ್ ಬಿಲ್ಡಿಂಗ್ ಅಂದ್ರೆ ‘ಲಗಾನ್’ ಅನ್ನೋ ಕಾಲ ಒಂದಿತ್ತು. ಕ್ಲಿಪ್ ಮುಗಿದ ಮೇಲೆ ಸ್ಲೈಡ್ ಬಂತು. ಲೀಡರ್ ಆದವನು ಎಲ್ಲರಲ್ಲೂ ಪ್ರತಿಭೆ ಗುರುತಿಸ್ತಾನೆ, ಹಿನ್ನೆಲೆ ನೋಡಲ್ಲ, ಅಂತ. ಎಲ್ಲರೂ ತಲೆ ಆಡಿಸಿದ್ವಿ. ಮಧ್ಯಾಹ್ನ ಊಟದ ಹೊತ್ತಿಗೆ ಮಾತು ಮೀಸಲಾತಿ ಕಡೆ ತಿರುಗ್ತು. ಟೇಬಲ್‌ನಲ್ಲಿದ್ದ ಒಬ್ಬ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಕಚ್ರಾ ಥರ ಟ್ಯಾಲೆಂಟ್ ಇದ್ರೆ ಯಾರ್ ಬೇಡ ಅಂತಾರೆ ಗುರೂ?’

ಸಿನಿಮಾದ ದೃಶ್ಯವನ್ನ ಅವನು ತಿರುಚಿರಲಿಲ್ಲ. ಅದರಲ್ಲಿ ಇದ್ದದ್ದನ್ನೇ ಎತ್ತಿ ಹೇಳಿದ್ದ. ಭುವನ್ ಭಾಷಣದಲ್ಲಿ ರಾಮ ಇದ್ದಾನೆ, ಶಬರಿ ಇದ್ದಾಳೆ, ನ್ಯಾಯ ಇದೆ. ಆದರೆ ಬಾಲ್ ತಿರುಗದೇ ನೇರ ಹೋಗಿದ್ರೆ ಆ ಭಾಷಣ ಆಗ್ತಿತ್ತಾ? ಕಚ್ರಾ ಮತ್ತೆ ದೂರ ಹೋಗಿ ನಿಂತ್ಕೊಳ್ತಿದ್ದ, ಪ್ರಾಕ್ಟೀಸ್ ಮುಂದುವರೀತಿತ್ತು. ವೈದ್ಯ ಈಶ್ವರ್ ಕಾಕಾ ಟೀಮಿಗೆ ಬಂದಾಗ ಅವನ ಕೈಯಲ್ಲಿ ಯಾವ ಜಾದೂನೂ ಇರಲಿಲ್ಲ. ಅವನನ್ನ ಯಾರೂ ಪರೀಕ್ಷೆ ಮಾಡಲಿಲ್ಲ. ಸುಮಾರಾಗಿ ಆಡೋ ಹಕ್ಕು ಅವನಿಗಿತ್ತು. ಕಚ್ರಾಗೆ ಅದಿಲ್ಲ. ಅವನು ಬರೋದಾದ್ರೆ ಹ್ಯಾಟ್ರಿಕ್ ಜೊತೆಗೇ ಬರಬೇಕು. ನಮ್ಮ ಆಫೀಸುಗಳಲ್ಲಿ, ಕಾಲೇಜುಗಳಲ್ಲಿ ಇವತ್ತಿಗೂ ಕೆಲವರು ಸುಮಾರಾಗಿ ಇದ್ದರೂ ನಡೆಯುತ್ತೆ, ಕೆಲವರು ಮಾತ್ರ ದಿನಾ ತಮ್ಮ ಜಾಗವನ್ನ ಗೆದ್ದು ಗೆದ್ದು ತೋರಿಸ್ತಾ ಇರಬೇಕು. ಅದಕ್ಕೆ ನಾವಿಟ್ಟಿರೋ ಹೆಸರು ಮೆರಿಟ್.

ಹಾಗಾದ್ರೆ ‘ಲಗಾನ್’ ಕೆಟ್ಟ ಸಿನಿಮಾನಾ? ಖಂಡಿತ ಅಲ್ಲ. ಕೆಟ್ಟ ಸಿನಿಮಾ ಆಗಿದ್ರೆ ಕಚ್ರಾ ಅದರಲ್ಲಿ ಇರ್ತಲೇ ಇರಲಿಲ್ಲ. ಮತ್ತೆ ನೋಡಿದಾಗ ನನಗೆ ಅತಿ ಹೆಚ್ಚು ಆಶ್ಚರ್ಯ ಆಗಿದ್ದು ಕೊನೆಯ ಓವರ್. ಅಲ್ಲಿ ಸಿನಿಮಾ ತಾನು ಬೇರೆಡೆ ಹೇಳದೇ ಬಿಟ್ಟಿದ್ದನ್ನ ಮಾಡಿ ತೋರಿಸುತ್ತೆ.

ಕೊನೆಯ ಬಾಲ್. ಗೆಲ್ಲೋಕೆ ಒಂದು ದೊಡ್ಡ ಹೊಡೆತ ಬೇಕು. ಸ್ಟ್ರೈಕ್‌ನಲ್ಲಿ ಕಚ್ರಾ. ಈ ಬದಿ ಭುವನ್ ಏನೂ ಮಾಡೋ ಹಾಗಿಲ್ಲ. ಕಚ್ರಾನ ಕೈ ಇಲ್ಲಿ ಉಪಯೋಗಕ್ಕೆ ಬರಲ್ಲ, ಇದು ಬ್ಯಾಟಿಂಗ್. ಪವಾಡ ಮುಗಿದಿದೆ. ಅವನು ಬಾಲ್‌ಗೆ ಬ್ಯಾಟ್ ತಾಗಿಸ್ತಾನೆ, ಓಡ್ತಾನೆ, ಒಂದು ರನ್. ಬ್ರಿಟಿಷರು ಕುಣಿದಾಡ್ತಾರೆ, ಹಳ್ಳಿಯವರು ಕುಸಿದು ಕೂರ್ತಾರೆ. ಆಗ ಅಂಪೈರ್‌ನ ಕೈ ಕಾಣುತ್ತೆ, ನೋ ಬಾಲ್. ಇನ್ನೊಂದು ಬಾಲ್ ಉಳೀತು, ಮತ್ತು ಆ ಒಂದು ರನ್‌ನಿಂದ ಭುವನ್ ಈಗ ಸ್ಟ್ರೈಕ್‌ಗೆ ಬಂದ.

ಬರೀ ನೋ ಬಾಲ್ ಆಗಿ ಕಚ್ರಾ ಓಡದೇ ನಿಂತಿದ್ದಿದ್ರೆ? ಸ್ಟ್ರೈಕ್ ಬದಲಾಗ್ತಿರಲಿಲ್ಲ. ಸಿಕ್ಸರ್ ಹೊಡೆಯೋಕೆ ಭುವನ್ ಅಲ್ಲಿ ಇರ್ತಿರಲಿಲ್ಲ. ಆ ಒಂದು ರನ್‌ನಲ್ಲಿ ಸ್ಪಿನ್ ಇಲ್ಲ, ಜಾದೂ ಇಲ್ಲ. ಎಲ್ಲಾ ಟೇಲೆಂಡರ್‌ಗಳ ಹಾಗೆ ಅವನೂ ಹೆದರಿ, ಹೇಗೋ ತಾಗಿಸಿ, ಜೀವ ಬಿಟ್ಟು ಓಡಿದ. ಇಡೀ ಸಿನಿಮಾದಲ್ಲಿ ಕಚ್ರಾ ಸುಮಾರಾಗಿ ಆಡಿದ್ದು ಅದೊಂದೇ ಬಾಲ್, ಮತ್ತು ಮ್ಯಾಚ್ ಉಳಿದಿದ್ದು ಅದರಿಂದಲೇ. ನನಗೆ ಈಗ ಆ ಹ್ಯಾಟ್ರಿಕ್‌ಗಿಂತ ಈ ಸಿಂಗಲ್ ದೊಡ್ಡದು ಅನ್ನಿಸುತ್ತೆ. ಬರೆದವರು ಇಷ್ಟೆಲ್ಲ ಯೋಚಿಸಿ ಬರೆದ್ರೋ, ಕೊನೆಯ ಟೆನ್ಷನ್‌ಗೋಸ್ಕರ ಬರೆದ್ರೋ, ಅದು ಮುಖ್ಯ ಅಲ್ಲ. ಪರದೆ ಮೇಲೆ ಅದು ಇದೆ. ನಾವು ನೆನಪಿಟ್ಟುಕೊಂಡಿದ್ದು ಮಾತ್ರ ಮುಂದಿನ ಬಾಲ್.

ಎಲ್ಲಾ ಮುಗಿದ ಮೇಲೆ ಅಮಿತಾಭ್ ಬಚ್ಚನ್ ದನಿಯಲ್ಲಿ ಒಂದು ಮಾತು ಬರುತ್ತೆ: ಇಷ್ಟು ದೊಡ್ಡ ಗೆಲುವು ಸಿಕ್ಕರೂ ಭುವನ್‌ನ ಹೆಸರು ಇತಿಹಾಸದ ಪುಟಗಳಲ್ಲಿ ಎಲ್ಲೋ ಕಳೆದುಹೋಯ್ತು, ಅನ್ನೋ ಅರ್ಥದ್ದು. ಕೇಳಿದ್ರೆ ಗಂಟಲು ಕಟ್ಟುತ್ತೆ. ಆದರೆ ಭುವನ್ ಕಳೆದುಹೋಗೋಕೆ ಸಾಧ್ಯವೇ ಇಲ್ಲ, ಅವನು ಇದ್ದವನೇ ಅಲ್ಲ. ಇಲ್ಲದವನ ಹೆಸರು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಧಾರವಾಡದಲ್ಲಿ ಹುಟ್ಟಿ, ಪೊರಕೆ ಹಿಡಿದು, ಮಣ್ಣಿನ ಕುಡಿಕೆಯಲ್ಲಿ ಟೀ ಕುಡಿದು, ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ತಗೊಂಡು ಬಂದವನ ಹೆಸರನ್ನ ಮುಂದಿನ ಸಲ ಆಫೀಸ್ ಕ್ವಿಜ್‌ನಲ್ಲಿ ಕೇಳಿ ನೋಡಿ. ಪಾಳವಣಕರ್ ಬಾಳೂ. ‘ಳ’ಕಾರ ನಮ್ಮ ಬಾಯಿಗೆ ಸಲೀಸಾಗಿ ಬರುತ್ತೆ.